ಲೆಕ್ಕ ಕೊಡಲು ಹೊಳೆ ದಾಟಿದ ಊರು

ನಾನು ಚಿಕ್ಕವಳಿದ್ದಾಗ ಸರಕಾರದ ಲೆಕ್ಕದಲ್ಲಿ ನಾನು ಇರಲೇ ಇಲ್ಲ. ನಗಬೇಡಿ ಮಕ್ಕಳೇ, ನಿಜವನ್ನೇ ಹೇಳುತ್ತಿದ್ದೇನೆ. ನಾನೊಬ್ಬಳೇ ಅಲ್ಲ, ಅಪ್ಪ, ಅಮ್ಮ, ಅಕ್ಕ, ಅಜ್ಜಿ, ನಮ್ಮ ನೆರೆಹೊರೆ, ಒಬ್ಬರೂ ಇರಲಿಲ್ಲ. ನಾವು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೆವು, ಜಗಳ ಆಡುತ್ತಿದ್ದೆವು, ಜ್ವರ ಬಂದರೆ ಮುಖ ಕಿವುಚಿಕೊಂಡು ಕಷಾಯ ಕುಡಿಯುತ್ತಿದ್ದೆವು. ಆದರೆ ಕುಮಟೆಯ ಕಚೇರಿಯ ಕಾಗದದಲ್ಲಿ ಮಾತ್ರ ನಮ್ಮ ಊರಿನ ಮುಂದೆ ‘ಬೇಚರಾಕ್’ ಎಂದು ಬರೆದಿತ್ತು. ಜನವಸತಿ ಇಲ್ಲದ ಊರಿಗೆ ಹಾಗೆ ಬರೆಯುತ್ತಾರೆ.

ನಮ್ಮ ಊರೆಂದರೆ ಇದೇ, ನೀವು ಈಗ ಸೈಕಲ್ ಓಡಿಸಿ ಮಂಡಿ ತರಚಿಸಿಕೊಳ್ಳುವ ಈ ಕುರ್ವೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಎರಡು ಕವಲಾಗುತ್ತದಲ್ಲ, ಆ ಕವಲುಗಳ ನಡುವೆ ಉಳಿದ ನೆಲ. ಆಗ ಸೇತುವೆ ಇರಲಿಲ್ಲ. ತೆಂಕಿನ ಕವಲು ಆಳ, ದೋಣಿ ಇಲ್ಲದೆ ದಾಟುವ ಮಾತೇ ಇಲ್ಲ. ಬಡಗಿನ ಕವಲು ಕಿರಿದು. ಸಮುದ್ರದ ನೀರು ಏರಿದಾಗ ಅಲ್ಲಿಯೂ ದೋಣಿ ಬೇಕು. ನೀರು ಇಳಿದಾಗ ದೋಣಿಯೂ ಹೋಗದು, ಮನುಷ್ಯರಿಗೂ ನಡೆದು ದಾಟಲಾಗದು, ಬರೀ ಕರಿ ಕೆಸರು. ಕೆಸರಿನ ತುಂಬ ಬಳಚು ಎನ್ನುವ ಚಿಪ್ಪು. ನಮ್ಮ ಹೆಂಗಸರು ಇಳಿತದ ಹೊತ್ತಿಗೆ ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಅದನ್ನು ಹೆಕ್ಕಲು ಇಳಿಯುತ್ತಿದ್ದರು.

ಕುರ್ವೆಯ ಸುತ್ತ ಮಣ್ಣಿನ ಒಡ್ಡು ಇತ್ತು. ಆ ಒಡ್ಡೇ ನಮ್ಮ ಜೀವ. ಅದು ಒಡೆದರೆ ಉಪ್ಪು ನೀರು ತೆಂಗಿನ ಬುಡಕ್ಕೂ ಅಂಗಳಕ್ಕೂ ನುಗ್ಗಿ, ಇದ್ದೊಂದು ಸಿಹಿನೀರಿನ ಬಾವಿಯೂ ಹಾಳು. ಅದಕ್ಕೆಂದೇ ಬಾವಿಯ ಹತ್ತಿರದ ಸುರಹೊನ್ನೆ ಮರಕ್ಕೆ ಮುರಿದ ಲಂಗರೊಂದನ್ನು ತೂಗುಹಾಕಿದ್ದರು. ಯಾವುದೋ ಕಾಲದ ಮಚವೆ ಹಡಗಿನ ಕಬ್ಬಿಣದ ಲಂಗರು. ಒಡ್ಡು ಒಡೆದದ್ದು ಕಂಡವರು ಕಲ್ಲಿನಿಂದ ಅದನ್ನು ಬಡಿಯಬೇಕು. ಸದ್ದು ಕೇಳಿದವರು ಉಣ್ಣುತ್ತಿದ್ದರೂ ಎದ್ದು ಬರಬೇಕು, ಜಗಳವಾಡಿ ಮಾತು ಬಿಟ್ಟವರೂ ಬರಬೇಕು. ಆಚೆ ದಡದ ಅಂಬಿಗರೂ ಆ ಸದ್ದಿಗೆ ಬೆನ್ನು ಹಾಕುತ್ತಿರಲಿಲ್ಲ. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಪ್ಪ ಹೇಳಿದ್ದ, ಅವನು ಸುಮ್ಮನೆ ಹೇಳುವವನಲ್ಲ.

ಶಾಲೆ ಇದ್ದದ್ದು ಬಡಗಿನ ದಡದ ಊರಿನಲ್ಲಿ. ಅಕ್ಕ ದೋಣಿಯಲ್ಲಿ ಹೋಗುತ್ತಿದ್ದಳು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ತಿಂಗಳುಗಟ್ಟಲೆ ಶಾಲೆ ಇಲ್ಲ. ಮಳೆ ಬಿಟ್ಟು ಹೋಗುವಷ್ಟರಲ್ಲಿ ಕಲಿತದ್ದೆಲ್ಲ ಮರೆತು ಮತ್ತೆ ಅ ಆ ಇ ಈ. ಹಾಗೆ ಅವಳು ಒಂದನೆ ಇಯತ್ತೆಯಲ್ಲೇ ಮನೆ ಮಾಡಿಕೊಂಡಂತೆ ಕೂತುಬಿಟ್ಟಿದ್ದಳು. ಒಂದು ಆಷಾಢದಲ್ಲಿ ದೋಣಿ ಮಗುಚಿತು. ಅಪ್ಪ ಅಕ್ಕನ ಜಡೆ ಹಿಡಿದು ಎಳೆದದ್ದರಿಂದ ಅವಳು ಉಳಿದಳು, ಪಾಟಿ ಹೋಯಿತು. ಆ ದಿನ ಅಮ್ಮ ಅವಳ ತಲೆ ಒರೆಸುತ್ತಾ, “ಸಾಕು ಮಾರಾಯ್ತಿ ನಿನ್ನ ಓದು. ಸಣ್ಣವಳನ್ನಂತೂ ನಾ ಕಳಿಸೂದಿಲ್ಲ. ಶಾಲೆ ಬೇಕಾದ್ರೆ ಅದೇ ಇಲ್ಲಿಗೆ ಬರ್ಲಿ” ಎಂದಳು. ಸಣ್ಣವಳೆಂದರೆ ನಾನು. ನನಗೆ ಓದಬೇಕೆಂಬ ಹುಚ್ಚು ಎಷ್ಟಿತ್ತೆಂದರೆ, ಭಟ್ಕಳದಿಂದ ಸೀರೆಯ ಗಂಟು ಹೊತ್ತು ಬರುತ್ತಿದ್ದ ಸಾಹೇಬರು ಸೀರೆ ಸುತ್ತಿ ತಂದ ಹಳೆಯ ಪತ್ರಿಕೆಯ ಚೂರನ್ನು ಬೇಡಿ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ಗಂಟೆಗಟ್ಟಲೆ ನೋಡುತ್ತಿದ್ದೆ.

ಅಮ್ಮನ ಮಾತು ಅಪ್ಪನಿಗೆ ನಾಟಿತು. ಕುರ್ವೆಗೇ ಒಂದು ಶಾಲೆ ಕೇಳೋಣವೆಂದು ಅಂಗಿ ತೊಟ್ಟು ಕುಮಟೆಯ ಮಾಮಲೇದಾರರ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತರು ಪುಟ ತಿರುವಿ ನೋಡಿ, “ನಿಮ್ಮ ಕುರ್ವೆ ಬೇಚರಾಕ್ ಅಂತ ಇದೆಯಲ್ಲ. ಜನರೇ ಇಲ್ಲದ ಕಡೆ ಶಾಲೆ ಯಾರಿಗೆ ಕೊಡುವುದು?” ಎಂದರಂತೆ.

“ಹಂಗಾರೆ ನಿಮ್ಮ ಮುಂದೆ ನಿಂತವ ಯಾರು ರಾಯರೆ?” ಎಂದ ಅಪ್ಪ.

ಗುಮಾಸ್ತರು ಒಳ್ಳೆಯ ಮನುಷ್ಯ. ನಕ್ಕು, ಕೂರಿಸಿ, ವಿಷಯ ತಿಳಿಸಿದರು. ಹತ್ತು ವರ್ಷದ ಹಿಂದೆ, ನಮ್ಮ ಜಿಲ್ಲೆ ಇನ್ನೂ ಮುಂಬಯಿಗೆ ಸೇರಿದ್ದಾಗ ಜನಗಣತಿ ನಡೆದಿತ್ತು. ಲೆಕ್ಕದವರು ಬಂದ ದಿನ ಕುರ್ವೆಯಲ್ಲಿ ಒಬ್ಬರೂ ಇರಲಿಲ್ಲವಂತೆ. ಅಪ್ಪನಿಗೆ ಆಮೇಲೆ ನೆನಪಾಯಿತು: ಆ ದಿನ ಇಡೀ ಕುರ್ವೆ ಹೊನ್ನಾವರದ ಕಡೆಗೆ ಮದುವೆಯ ದಿಬ್ಬಣ ಹೋಗಿತ್ತು. ಬೇರೆ ಯಾರ ಮದುವೆಯೂ ಅಲ್ಲ, ಅಪ್ಪನದೇ! ಅವನು ಹೆಂಡತಿಯನ್ನು ಕರೆದುಕೊಂಡು ಬರುವಷ್ಟರಲ್ಲಿ ಊರೇ ಕಾಗದದಿಂದ ಮಾಯವಾಗಿತ್ತು. “ಈ ವರ್ಷ ಮತ್ತೆ ಗಣತಿ ಇದೆ. ಈಗಲಾದರೂ ಬರೆಸಿಕೊಳ್ಳಿ. ತಪ್ಪಿದರೆ ಇನ್ನು ಹತ್ತು ವರ್ಷ ನಾನೇನೂ ಮಾಡುವಂತಿಲ್ಲ” ಎಂದು ಗುಮಾಸ್ತರು ಹೇಳಿ ಕಳಿಸಿದರು.

ನನಗಾಗ ಏಳು ವರ್ಷ. ಇನ್ನು ಹತ್ತು ವರ್ಷವೆಂದರೆ ಹದಿನೇಳು. ಬೆರಳು ಮಡಚಿ ಮಡಚಿ ನೋಡಿದೆ. ಹದಿನೇಳಕ್ಕೆ ಹುಡುಗಿಯರಿಗೆ ಮದುವೆ ಮಾಡುತ್ತಿದ್ದರು, ಶಾಲೆಗೆ ಕಳಿಸುತ್ತಿರಲಿಲ್ಲ.

ಅಂತೂ ಚಳಿ ಹೋಗಿ ಬಿಸಿಲು ಏರತೊಡಗಿದ ದಿನಗಳಲ್ಲಿ ಬಡಗಿನ ದಡದ ಪಟೇಲರ ಆಳು ಹೊಳೆಯಂಚಿಗೆ ಬಂದು ಕೂಗಿ ಹೇಳಿದ, “ನಾಳೆ ಲೆಕ್ಕದ ಮಾಸ್ತರ್ರು ಬತ್ತರಂತೆ, ಎಲ್ಲರೂ ಇರ್ಬೇಕಂತೆ!” ಅವನು ಅಷ್ಟೇ ಕೂಗಿದ್ದು. ಎಲ್ಲಿಗೆ ಬರುತ್ತಾರೆ ಎಂದು ಅವನೂ ಹೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ತೀರ್ವೆ ಕಟ್ಟುವುದು ಪಟೇಲರ ಜಗಲಿಯಲ್ಲಿ, ಮಕ್ಕಳ ತೋಳಿಗೆ ಸಿಡುಬಿನ ಚುಚ್ಚು ಹಾಕಿಸಿಕೊಳ್ಳುವುದು ಪಟೇಲರ ಜಗಲಿಯಲ್ಲಿ, ಓಟು ಹಾಕಿದ್ದೂ ಅಲ್ಲಿಯೇ ಹತ್ತಿರ. ಸರಕಾರ ನಮಗಾಗಿ ಹೊಳೆ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲದೆ ದೊಡ್ಡ ಮನುಷ್ಯರನ್ನು ದೋಣಿ ಹತ್ತಿಸಿ, ಇಳಿಸಿ, ತೊಂದರೆ ಕೊಡುವುದು ಮರ್ಯಾದೆಯೂ ಅಲ್ಲವಲ್ಲ! “ಅವರು ಬರೂಕೆ ಮುಂಚೆ ನಾವೇ ಹೋಗಿ ಕೂತ್ಕಂಬ. ಲೆಕ್ಕ ಕೊಟ್ಟೇ ಬರೂದು” ಎಂದು ಅಪ್ಪ ತೀರ್ಮಾನ ಹೇಳಿದ. ಎಲ್ಲರೂ “ಆತು, ಆತು” ಎಂದರು.

ಮಾರನೆಯ ಬೆಳಿಗ್ಗೆ ಕುರ್ವೆಗೆ ಹಬ್ಬ ಬಂದಂತಿತ್ತು. ಪೆಟ್ಟಿಗೆಯೊಳಗಿನ ಸೀರೆಗಳು ಹೊರಬಂದವು. ಅಮ್ಮ ಮದುವೆಯ ಹಸಿರು ಸೀರೆ ಉಟ್ಟಳು. ಅದರಿಂದ ಕರ್ಪೂರದ ಗುಳಿಗೆಯ ವಾಸನೆ ಗಮ್ಮೆಂದು ಬಂತು. ಗಂಡಸರು ಗಡ್ಡ ಬೋಳಿಸಿ ತೊಳೆದ ಪಂಚೆ ಉಟ್ಟರು. ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಎಷ್ಟು ಮೆತ್ತಿದರೆಂದರೆ ಹಣೆಗೆ ಇಳಿಯುತ್ತಿತ್ತು. ಅಕ್ಕ ಅಬ್ಬಲಿಗೆ ಮುಡಿದಳು. ನಾನು ಮಾತ್ರ ಜಗಲಿಯಲ್ಲಿ ಕೂತು ಅಳುತ್ತಿದ್ದೆ. ಹಿಂದಿನ ದಿನ ಬಳಚಿನ ಚಿಪ್ಪು ತಾಗಿ ನನ್ನ ಅಂಗಾಲು ಸೀಳಿತ್ತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ್ದರು. ಉಪ್ಪು ನೀರು ತಾಗಿದರೆ ಕೀವಾಗುತ್ತದೆ, ನೀನು ಮನೆಯಲ್ಲೇ ಇರು, ನಿನ್ನ ಲೆಕ್ಕ ನಾವೇ ಹೇಳುತ್ತೇವೆ ಎಂದಳು ಅಮ್ಮ.

ಅಜ್ಜಿಯೂ ಹೋಗಲಿಲ್ಲ. ಅಪ್ಪನ ತಾಯಿ ಅವಳು, ಹಠದಲ್ಲಿ ಅಪ್ಪನಿಗೂ ತಾಯಿ. “ಸರಕಾರಕ್ಕೆ ನಾ ಬೇಕಾದ್ರೆ ಅದೇ ಬರ್ಲಿ. ನಾ ಎಂತಕ್ಕೆ ಅದನ್ನ ಹುಡುಕ್ಕಂಡು ಹೋಗೂದು?” ಎಂದು ಎಲೆಯಡಿಕೆ ಕುಟ್ಟುತ್ತಾ ಕೂತಳು.

ನೀರು ತುಂಬಿದ್ದ ಹೊತ್ತಿಗೆ ದೋಣಿಗಳು ಒಂದರ ಹಿಂದೆ ಒಂದು ಬಡಗಿನ ದಡಕ್ಕೆ ಹೊರಟವು. ಕೂಸುಗಳು, ಮುದುಕರು, ಬಾಣಂತಿ, ಎಲ್ಲರೂ. ಒಬ್ಬರ ಮನೆಗೂ ಬೀಗವಿಲ್ಲ, ಬೀಗ ಎನ್ನುವುದೇ ನಮ್ಮಲ್ಲಿರಲಿಲ್ಲ. ಅವರ ಮಾತು, ನಗು ದೂರವಾಗುತ್ತಾ ಹೋಗಿ ಆಮೇಲೆ ಊರು ಎಷ್ಟು ನಿಶ್ಶಬ್ದವಾಯಿತೆಂದರೆ, ತೆಂಗಿನ ಗರಿ ಒಂದಕ್ಕೊಂದು ಉಜ್ಜುವ ಸದ್ದು, ಕೋಳಿ ಕೆದರುವ ಸದ್ದು, ಅಜ್ಜಿಯ ಕುಟ್ಟಾಣಿಯ ಸದ್ದು ಇಷ್ಟೇ ಕೇಳುತ್ತಿದ್ದವು. ನೀರು ಇಳಿಯತೊಡಗಿತು. ಬಿಸಿಲಿಗೆ ಕೆಸರಿನ ಉಪ್ಪು ವಾಸನೆ ಏಳುತ್ತಿತ್ತು. ಅಜ್ಜಿ ಒಲೆಯ ಮೇಲೆ ಗಂಜಿ ಇಟ್ಟಳು.

ಆಗ ತೆಂಕು ದಿಕ್ಕಿನಿಂದ ಯಾರೋ ಕೆಮ್ಮಿದ ಸದ್ದು ಕೇಳಿತು. ನೋಡುತ್ತೇನೆ, ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ ಹಾಕಿದ ಒಬ್ಬರು ಮನೆಯಿಂದ ಮನೆಗೆ ಇಣುಕುತ್ತಾ ಬರುತ್ತಿದ್ದಾರೆ. ಅವರ ಹಿಂದೆ ಹುಟ್ಟು ಹಿಡಿದ ಅಂಬಿಗ. ಪ್ರತಿ ಬಾಗಿಲೂ ತೆರೆದಿದೆ, ಒಲೆ ಬೆಚ್ಚಗಿದೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ, ಆದರೆ ಮನುಷ್ಯರಿಲ್ಲ. ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಪಾಪ, ಅವರ ಮುಖ ಬಿಳುಚಿತ್ತು. ಅಜ್ಜಿಯನ್ನು ಕಂಡವರೇ ಉಸಿರು ಬಿಟ್ಟು, “ಅಮ್ಮಾ, ನಾನು ಜನಗಣತಿಯ ಮಾಸ್ತರು. ಊರಿನ ಜನರೆಲ್ಲ ಎಲ್ಲಿ?” ಎಂದು ಕೇಳಿದರು.

“ನಿಮಗೆ ಲೆಕ್ಕ ಕೊಡೂಕೆ ಹೋಗೀರು,” ಎಂದಳು ಅಜ್ಜಿ.

“ನಾನು ಇಲ್ಲಿದ್ದೇನಲ್ಲ!”

“ಅದೇ ಮತ್ತೆ. ನೀವು ಇಲ್ಲಿ, ಅವ್ರು ಅಲ್ಲಿ.”

ಮಾಸ್ತರು ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಸಿದು ಕೂತರು. ಅಪ್ಪ ಕುಮಟೆಗೆ ಹೋಗಿ ಹೇಳಿದ್ದರಿಂದಲೇ ಕಚೇರಿಯವರು ಅವರನ್ನು ನೇರವಾಗಿ ಕುರ್ವೆಗೆ ಕಳಿಸಿದ್ದರಂತೆ. ಮನೆ ಮನೆಗೆ ಹೋಗಿ, ಮನೆಯವರ ಬಾಯಿಂದಲೇ ಕೇಳಿ ಬರೆಯಬೇಕೆಂಬುದು ನಿಯಮ. ನಮ್ಮವರು ಮರ್ಯಾದೆಯಿಂದ ಅತ್ತ ಹೋದರು, ಸರಕಾರ ಮರ್ಯಾದೆಯಿಂದ ಇತ್ತ ಬಂತು. ಹೊಳೆಯ ಎರಡೂ ಬದಿಯಲ್ಲಿ ಮರ್ಯಾದೆ ಧಾರಾಳವಾಗಿತ್ತು, ನಡುವೆ ಒಂದು ಮಾತು ಕೇಳುವವರು ಇರಲಿಲ್ಲ.

ಮಾಸ್ತರು ಮೊದಲು ನಮ್ಮ ಮನೆಯ ಲೆಕ್ಕ ತೆಗೆದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಅಜ್ಜಿ ಹೇಳಿದ್ದನ್ನು ಬರೆದುಕೊಂಡರು. ಅಜ್ಜಿ ಅಷ್ಟಕ್ಕೆ ನಿಲ್ಲದೆ ಪಕ್ಕದ ಮನೆಯದನ್ನೂ ಶುರು ಮಾಡಿದಳು. ಅವರು ಕೈ ಅಡ್ಡ ಹಿಡಿದರು. “ಅವರ ಮನೆಯದು ಅವರೇ ಹೇಳಬೇಕಮ್ಮ. ನೀವು ಹೇಳಿದ್ದನ್ನು ನಾನು ಬರೆಯುವಂತಿಲ್ಲ.”

“ಹಂಗಾರೆ ನಾಳೆ ಬನ್ನಿ.”

“ನಾಳೆಯಿಂದ ನನಗೆ ಬೇರೆ ಊರುಗಳಿವೆ. ಇಲ್ಲಿಗೆ ಮತ್ತೆ ಬರಲಾಗುವುದಿಲ್ಲ.”

ಅಂಬಿಗ ಅಂಗಳದಲ್ಲಿ ನಿಂತು ಹೊಳೆಯ ಕಡೆ ನೋಡುತ್ತಲೇ ಇದ್ದ. “ಮಾಸ್ತರ್ರೆ, ನೀರು ಇಳೀತಾ ಅದೆ. ಇನ್ನು ಸ್ವಲ್ಪ ಹೊತ್ತಿಗೆ ದೋಣಿ ದಡದ ಕೆಸರಲ್ಲೇ ಕೂತುಬಿಡ್ತದೆ. ಈಗ ಹೊರಟ್ರೆ ಹೊರಟೆವು. ಇಲ್ಲಾ ಅಂದ್ರೆ ಸಂಜೆಯೇ” ಎಂದ. ಮಾಸ್ತರು ಎದ್ದು ಚೀಲ ಹೆಗಲಿಗೇರಿಸಿದರು. ಇಡೀ ಕುರ್ವೆಯಲ್ಲಿ ಒಂದೇ ಮನೆ ಎಂದು ಬರೆದುಕೊಂಡು ಹೋಗುತ್ತಾರೆ. ಒಂದು ಮನೆಗೆ ಯಾರಾದರೂ ಶಾಲೆ ಕೊಡುತ್ತಾರೆಯೇ? ನನಗೆ ದುಃಖ ತಡೆಯಲಾಗಲಿಲ್ಲ. ಕುಂಟುತ್ತಾ ಹೋಗಿ ಅವರ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಹೋಗ್ಬೇಡಿ, ನಂಗೆ ಶಾಲೆ ಬೇಕು” ಎಂದು ಜೋರಾಗಿ ಅತ್ತುಬಿಟ್ಟೆ.

ಅಜ್ಜಿ ನನ್ನನ್ನೂ ಅವರನ್ನೂ ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಸರ ಬಾವಿಯ ಕಡೆ ನಡೆದಳು. ಕಲ್ಲು ಎತ್ತಿಕೊಂಡು ಲಂಗರಿಗೆ ಬಡಿದಳು.

ಢಣ್! ಆ ಸದ್ದಿಗೆ ಹೊಳೆಯಂಚಿನ ಕಾಂಡ್ಲಾ ಗಿಡಗಳೊಳಗಿದ್ದ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ನನ್ನ ಅಳು ನಿಂತೇಹೋಯಿತು. “ಅಜ್ಜೀ, ಒಡ್ಡು ಒಡೀಲಿಲ್ಲ! ಅಪ್ಪ ಕೈ ಮುರೀತ!” ಎಂದು ಕೂಗಿದೆ.

“ನಿನ್ನ ಅಪ್ಪನ ಕೈಯನ್ನ ಎಣ್ಣೆ ಹಚ್ಚಿ ಬೆಳೆಸಿದ್ದು ನಾನು. ಬಾ ಇಲ್ಲಿ, ನೀನೂ ಹೊಡಿ” ಎಂದಳು ಅಜ್ಜಿ. ನಾಲ್ಕು ಏಟಿಗೇ ಅವಳ ಭುಜ ಸೋತಿತ್ತು. ನಾನು ಮರದ ಬೇರಿನ ಮೇಲೆ ಹತ್ತಿ ಕಲ್ಲು ಹಿಡಿದು ಬಡಿದೆ. ಅಂಗೈ ಝುಂ ಎಂದಿತು. ನನ್ನ ಏಟಿಗೆ ಸದ್ದು ಎಲ್ಲಿಗೂ ಮುಟ್ಟುವಂತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಕಲ್ಲನ್ನು ತೆಗೆದುಕೊಂಡಿತು. ಮಾಸ್ತರು! ಕೋಟು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, ಪಂಚೆ ಎತ್ತಿಕಟ್ಟಿ, ಸರಕಾರವೇ ಸ್ವತಃ ನಮ್ಮ ಲಂಗರನ್ನು ಬಡಿಯಿತು. ಅಂಬಿಗನೂ ಹೋಗಲಿಲ್ಲ. ಈ ಸದ್ದು ಕೇಳಿ ಹೊರಟುಹೋದರೆ ಹೊಳೆಯಲ್ಲಿ ಅವನ ಮುಖ ಯಾರು ನೋಡುತ್ತಾರೆ? ದೋಣಿಯ ಹಗ್ಗ ಬಿಗಿಯಾಗಿ ಕಟ್ಟಿ ಬಂದು, ಗಂಜಿ ಆಯಿತೇ ಎಂದು ಅಜ್ಜಿಯನ್ನು ಕೇಳಿದ.

ಆಚೆ ದಡದಲ್ಲಿ ನಡೆದದ್ದನ್ನು ಅಪ್ಪ ಆಮೇಲೆ ಎಷ್ಟು ಸಲ ಹೇಳಿದ್ದಾನೋ. ಅವರೆಲ್ಲ ಪಟೇಲರ ಅಂಗಳದಲ್ಲಿ ಸಾಲಾಗಿ ಕೂತು, ಲೆಕ್ಕದವರು ಈಗ ಬಂದರು, ಆಗ ಬಂದರು ಎಂದು ದಾರಿ ಕಾಯುತ್ತಿದ್ದರು. ಪಟೇಲರು ಬೆಲ್ಲ ನೀರು ಕೊಡಿಸಿದ್ದರು. ಸದ್ದು ಕೇಳಿದ್ದೇ ತಡ, ಲೋಟಗಳು ಅಲ್ಲಲ್ಲೇ ಉರುಳಿದವು. ‘ಒಡ್ಡು ಒಡೀತು!’ ಒಬ್ಬರು ಇನ್ನೊಬ್ಬರಿಗೆ ಹೇಳಲೂ ಇಲ್ಲ, ಎಲ್ಲರೂ ಎದ್ದು ಬಿದ್ದು ಹೊಳೆಗೆ ಓಡಿದರು. ಕೆಲವರು ಪಟೇಲರ ಮನೆಯ ಹಾರೆ, ಪಿಕಾಸಿ, ಮಣ್ಣಿನ ಬುಟ್ಟಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದರು. ನೀರು ಇಳಿಯುವಾಗ ಒಡ್ಡು ಹೇಗೆ ಒಡೆಯುತ್ತದೆ ಎಂದು ಅಪ್ಪನಿಗೆ ಒಂದು ಗಳಿಗೆ ಅನಿಸಿತಂತೆ. ಆದರೆ ಆ ಸದ್ದಿಗೆ ಮೊದಲು ಓಡುವುದು, ಯೋಚನೆ ಮಾಡುವುದು ಆಮೇಲೆ.

ಓಡಿ ಬಂದು ನೋಡಿದರೆ ಹೊಳೆಯಲ್ಲಿ ನೀರೇ ಇಲ್ಲ. ದೋಣಿಗಳೆಲ್ಲ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿವೆ. ಗಂಡಸರು ದೋಣಿ ನೂಕಿ ನೂಕಿ ಸೋತರು. ಆಗ ಅಮ್ಮ ಮದುವೆಯ ಸೀರೆಯನ್ನು ತೊಡೆಯ ತನಕ ಎತ್ತಿ ಕಟ್ಟಿ, “ಬಳಚು ಇದ್ದಲ್ಲಿ ನೆಲ ಗಟ್ಟಿ ಇರ್ತದೆ. ನನ್ನ ಹಿಂದೆ ಬನ್ನಿ” ಎಂದು ಕೆಸರಿಗೆ ಇಳಿದಳಂತೆ. ಅವಳು ಬುಟ್ಟಿ ಹಿಡಿದು ದಿನವೂ ನಡೆದ ಜಾಗ ಅದು. ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಗಂಡಸರು, ಹೆಗಲ ಮೇಲೆ ಕೂಸುಗಳು. ಮುದುಕರನ್ನೂ ಬಾಣಂತಿಯನ್ನೂ ಹಲಗೆಯ ಮೇಲೆ ಕೂರಿಸಿ ಎಳೆದರು.

ನಾನು ಒಡ್ಡಿನ ಮೇಲೆ ಮಾಸ್ತರ ಕೋಟು ಹೊದ್ದು ನಿಂತು ನೋಡುತ್ತಿದ್ದೆ. ದೂರದಲ್ಲಿ ಬಣ್ಣ ಬಣ್ಣದ ಸಾಲೊಂದು ನಿಧಾನವಾಗಿ ಬರುತ್ತಿತ್ತು. ಹತ್ತಿರವಾದಂತೆ ಬಣ್ಣ ಹೋಗಿ ಎಲ್ಲವೂ ಕಪ್ಪಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮವರಿಗೆ ಸೊಂಟದ ತನಕ ಕೆಸರು, ಕೆಲವರಿಗೆ ಗಲ್ಲದ ತನಕ. ಅಕ್ಕನ ಅಬ್ಬಲಿಗೆ ಎಲ್ಲಿ ಬಿತ್ತೋ. ಎಲ್ಲರ ಕಣ್ಣೂ ಒಡ್ಡಿನ ಮೇಲೆ. ಎಲ್ಲಿ ಒಡೆದಿದೆ, ಎಲ್ಲಿ?

ಅಪ್ಪ ಮೊದಲು ಮೇಲೆ ಹತ್ತಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಡ್ಡು ಇದ್ದ ಹಾಗೇ ಇತ್ತು. ಬಾವಿಗೆ ಹೋಗಿ ಒಂದು ಬೊಗಸೆ ನೀರು ಕುಡಿದು ನೋಡಿದ. ಸಿಹಿ. ಆಮೇಲೆ ಲಂಗರಿನ ಬುಡದಲ್ಲಿ ಅಂಗೈಗೆ ಊದಿಕೊಳ್ಳುತ್ತಾ ನಿಂತ ಅಪರಿಚಿತರೊಬ್ಬರನ್ನು ನೋಡಿದ. ಕೊನೆಗೆ ಅಜ್ಜಿಯನ್ನು.

“ಅವ್ವಾ, ಎಂತದಿದು?” ಎಂದ ಅಪ್ಪ. ಸಿಟ್ಟು ಬಂದಿದೆಯೋ ದಣಿವೋ ನನಗೆ ತಿಳಿಯಲಿಲ್ಲ. ನಾನು ಕೋಟಿನೊಳಗೆ ಕೈ ಅಡಗಿಸಿಕೊಂಡೆ.

“ಇವ್ರೇ ಲೆಕ್ಕದ ಮಾಸ್ತರ್ರು. ಇಲ್ಲಿಗೇ ಬಂದೀರು. ಒಡ್ಡು ಒಡೆದ್ರೆ ಮಣ್ಣು ಹಾಕಿ ಕಟ್ಬಹುದು ಮಗಾ. ಇವ್ರು ಹೋಗಿದ್ರೆ ಎಂತ ಹಾಕಿ ಕಟ್ತಿದ್ದೆ?” ಎಂದಳು ಅಜ್ಜಿ.

ಅಪ್ಪ ಹಾರೆಯನ್ನು ಕೆಳಗಿಟ್ಟ. ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅಪ್ಪ ನಗುತ್ತಿದ್ದ! ಅಮ್ಮ ತನ್ನ ಸೀರೆ ನೋಡಿಕೊಂಡು, “ಅಯ್ಯೋ ನನ್ನ ಧಾರೆ ಸೀರೆ” ಎನ್ನುತ್ತಾ ಅಳುತ್ತಲೇ ನಕ್ಕಳು. ಒಡ್ಡು ಉಳಿದಿದೆ, ಬಾವಿ ಸಿಹಿಯಾಗಿದೆ, ಲೆಕ್ಕದವರೂ ಸಿಕ್ಕಿದ್ದಾರೆ. ಒಂದೇ ಸಲ ಇಷ್ಟೊಂದು ಒಳ್ಳೆಯದಾದರೆ ಮನುಷ್ಯರು ಇನ್ನೇನು ಮಾಡಬೇಕು? ಇಡೀ ಕುರ್ವೆ ನಕ್ಕಿತು. ಹೋದ ಜೀವ ಬಂದ ಹಾಗೆ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಇಷ್ಟು ವರ್ಷವಾಯಿತು, ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ.

ಕೆಸರು ಒಣಗುವ ಮೊದಲೇ ಗಣತಿ ಶುರುವಾಯಿತು. ಮಾಸ್ತರು ಮನೆ ಮನೆಗೂ ಹೋದರು, ಎಲ್ಲರೂ ಅವರವರ ಜಗಲಿಯಲ್ಲಿ ಕೆಸರಿನ ಗೊಂಬೆಗಳಂತೆ ಕೂತು ಉತ್ತರ ಹೇಳಿದರು. ವಯಸ್ಸು ಎಷ್ಟೆಂದರೆ ಯಾರಿಗೂ ಗೊತ್ತಿಲ್ಲ. “ದೊಡ್ಡ ಒಡ್ಡು ಒಡೆದ ವರ್ಷ ಹುಟ್ಟಿದವ ಇವ”, “ಅದರ ಹಿಂದಿನ ಸಲ ಒಡೆದಾಗ ನಾ ಅಂಬೆಗಾಲು” ಎನ್ನುವರು. ಮಾಸ್ತರು ಹಿಂದೆ ಮುಂದೆ ಕೇಳಿ, ಲೆಕ್ಕ ಹಾಕಿ ಬರೆಯುವರು. ಮಧ್ಯೆ ಅಜ್ಜಿ ಅವರಿಗೆ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟಳು. ಅಂಬಿಗ ನಮ್ಮ ಮನೆಯ ಗಂಜಿಯನ್ನು ಒಣ ಶೆಟ್ಲಿ ಸಿಗಡಿಯ ಚಟ್ನಿಯ ಜೊತೆ ಮೂರು ಸಲ ಬಡಿಸಿಕೊಂಡು, ತೆಂಗಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ.

ಹೊರಡುವ ಮೊದಲು ಮಾಸ್ತರು ಕೋಟು ಕೇಳಲು ನನ್ನ ಹತ್ತಿರ ಬಂದರು. ಬೆಳಿಗ್ಗೆ ಬರೆದಿದ್ದ ನನ್ನ ಚೀಟಿ ತೆಗೆದು, “ಒಂದು ಪ್ರಶ್ನೆ ನಿನ್ನನ್ನೇ ಕೇಳಬೇಕಿತ್ತು ತಂಗಿ. ನಿನಗೆ ಓದಲು ಬರೆಯಲು ಬರುತ್ತದೆಯೇ?” ಎಂದರು. ನನಗೆ ಸುಳ್ಳು ಹೇಳಬೇಕೆನ್ನಿಸಿತು. ಆ ಪತ್ರಿಕೆಯ ಚೂರನ್ನು ಅಷ್ಟು ದಿನ ನೋಡಿದ್ದೆನಲ್ಲ. ಆದರೆ ಅವರು ನಮಗಾಗಿ ಅಂಗೈ ಊದಿಸಿಕೊಂಡವರು. “ಇಲ್ಲ” ಎಂದೆ. ಅವರು ಬರೆದುಕೊಂಡರು. ಚೀಟಿ ಮಡಚದೆ ಸ್ವಲ್ಪ ಹೊತ್ತು ಹಾಗೇ ನೋಡಿ, “ಮುಂದಿನ ಸಲ ಯಾರಾದರೂ ಬಂದು ಕೇಳಿದಾಗ ಬೇರೆ ಉತ್ತರ ಕೊಡು, ಆಯಿತಾ?” ಎಂದರು. ಸಂಜೆಯ ನೀರು ಏರುತ್ತಿತ್ತು. ಅವರ ದೋಣಿ ಕಣ್ಣಿಗೆ ಕಾಣುವ ತನಕ ನಾನು ಒಡ್ಡಿನ ಮೇಲೇ ನಿಂತಿದ್ದೆ.

ಶಾಲೆ ಮರುದಿನವೇ ಬರಲಿಲ್ಲ. ಸರಕಾರ ಹೊಳೆ ದಾಟುವುದು ನಿಧಾನ. ಅಪ್ಪ ಕುಮಟೆಗೆ ಅಲೆದು ಅಲೆದು ಎರಡು ಮಳೆಗಾಲ ಕಳೆದವು. ಕೊನೆಗೊಂದು ಜೂನಿನಲ್ಲಿ ಸುರಹೊನ್ನೆ ಮರದ ಪಕ್ಕ ಸೋಗೆ ಹೊದಿಸಿದ ಚಪ್ಪರದಲ್ಲಿ ಪಾಠ ಹೇಳುವ ಒಬ್ಬರು ಅಕ್ಕೋರು ಬಂದು ಕೂತರು. ಒಂದನೆ ಇಯತ್ತೆಯಲ್ಲಿ ಎಲ್ಲರಿಗಿಂತ ಉದ್ದ ನಾನೇ. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಆಮೇಲೆ ನನಗಿಂತಲೂ ಉದ್ದದ ಅಕ್ಕ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಹೊರಗೆ ಮಳೆ ಹೊಯ್ಯುತ್ತಿತ್ತು, ಹೊಳೆ ಕೆಂಪಾಗಿ ಉಕ್ಕುತ್ತಿತ್ತು, ನಾವು ಒಣಗಿದ ಬಟ್ಟೆಯಲ್ಲಿ ಕೂತು ಅ ಆ ಹೇಳುತ್ತಿದ್ದೆವು. ಅಮ್ಮ ಅಡಿಗೆಮನೆಯಿಂದಲೇ ಕಿವಿಗೊಟ್ಟು ನಮ್ಮ ದನಿ ಕೇಳುತ್ತಿದ್ದಳಂತೆ.

ನಿಮ್ಮ ಕಾಲವೇ ಬೇರೆ ಮಕ್ಕಳೇ. ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಆಸ್ಪತ್ರೆಯವರು ನಿಮ್ಮನ್ನು ಬರೆದುಕೊಂಡಿದ್ದರು. ಹುಟ್ಟಿದ ಮೇಲೆ ಬೆರಳು, ಕಣ್ಣು, ಎಲ್ಲದರ ಗುರುತೂ ತೆಗೆದುಕೊಂಡರು. ಸೇತುವೆಯ ಮೇಲೆ ಹಳದಿ ಬಸ್ಸು ಬಂದು ಮನೆಯ ಮುಂದೆ ಹಾರ್ನ್ ಹೊಡೆಯುತ್ತದೆ, ನೀವು ಹೊಟ್ಟೆನೋವು ಎಂದು ಮುಸುಕು ಎಳೆದುಕೊಳ್ಳುತ್ತೀರಿ. ನಾನು ಬೈಯುವುದಿಲ್ಲ. ಇಲ್ಲದ ಶಾಲೆಗೆ ಅತ್ತವಳು ನಾನು, ಇರುವ ಶಾಲೆಗೆ ಅಳುವವರು ನೀವು. ಇಂಥ ಅಳು ನಿಮ್ಮ ಪಾಲಿಗೆ ಬಂತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವೇ.

ಮೊನ್ನೆ ಫೋನು ಹಿಡಿದು ಮನೆ ಮನೆಯ ಸಮೀಕ್ಷೆಗೆ ಬಂದಿದ್ದಳಲ್ಲ ಒಬ್ಬ ಹುಡುಗಿ, ನಾನು ಹಿತ್ತಿಲಲ್ಲಿದ್ದವಳು ಒದ್ದೆ ಕೈಯಲ್ಲೇ ಓಡಿ ಬಂದದ್ದನ್ನು ಕಂಡು ನೀವು ಬಿದ್ದು ಬಿದ್ದು ನಕ್ಕಿರಿ. “ನಿಧಾನ ಅಜ್ಜಿ, ನಿಮ್ಮ ಹೆಸರು ಆಗಲೇ ಇದರಲ್ಲಿ ಬಂದಿದೆ” ಎಂದಳು ಅವಳೂ. ಬಂದಿರಲಿ. ಆದರೂ ಒಮ್ಮೆ ನನ್ನ ಮುಖ ನೋಡಿಕೊಂಡು ಬರೆ ಎಂದು ಅವಳ ಎದುರಿಗೇ ಕೂತೆ. ಅವಳು ಬೆರಳಾಡಿಸುತ್ತಾ ಒಂದೊಂದೇ ಕೇಳಿದಳು. ವಯಸ್ಸು, ಹುಟ್ಟಿದ ಊರು, ಮನೆಮಾತು. ಆಮೇಲೆ ತಲೆ ಎತ್ತದೆಯೇ, “ಅಜ್ಜಿ, ಓದೋಕೆ ಬರೆಯೋಕೆ...” ಎಂದಳು.

ಅವಳಿನ್ನೂ ಮಾತು ಮುಗಿಸಿರಲಿಲ್ಲ. “ಬರ್ತದೆ!” ಎಂದೆ. ಅಷ್ಟು ಜೋರಾಗಿ ಯಾಕೆ ಕೂಗಿದೆ, ನಾವೇನು ಕಿವುಡರಾ ಎಂದು ನೀವು ಕೇಳಿದಿರಿ. ನಿಮಗೆ ಕೇಳಿಸಲೆಂದು ಕೂಗಿದ್ದಲ್ಲ ಮಕ್ಕಳೇ. ಆ ಕರಿ ಕೋಟಿನ ಮಾಸ್ತರಿಗೆ ಕೇಳಿಸಲಿ ಎಂದು.